ಪಾಕ ಕೆಟ್ಟ ವರ್ಷ

ಮಾವ ಮಗನನ್ನು ಆಗಲೇ ಕರೆದುಬಿಟ್ಟಿದ್ದರೆ? ಕರೆದಿದ್ದರೆ ಒಳ್ಳೆಯದೇ. ಹೆತ್ತ ಅಪ್ಪ, ಅವರ ಹಕ್ಕು. ಆದರೆ ಕರೆದಿರದಿದ್ದರೆ? ಆಗ ನಾನು ಬಾಯಿ ತೆರೆದರೆ ಅವರ ಪಾಲಿನದನ್ನು ಕಸಿದುಕೊಂಡ ಹಾಗಾಗುವುದಿಲ್ಲವೇ? ಇನ್ನು ಅವರು ಕರೆದಾಗಿದ್ದು, ಅದು ತಿಳಿಯದೆ ನಾನೂ ಕರೆದೆನೆಂದರೆ, ನಡುಕೋಣೆಯಿಂದ ಏನೂ ಬರುವುದಿಲ್ಲ. ಆ ಏನೂ ಬಾರದಿರುವುದನ್ನು ಬದುಕಿರುವಷ್ಟು ದಿನ ಕೇಳಿಸಿಕೊಳ್ಳುತ್ತಿರಬೇಕು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತ, ಆ ಚಳಿಗಾಲವೆಲ್ಲ ನಾನು ಇದನ್ನೇ ತಿರುವಿ ಹಾಕುತ್ತಿದ್ದೆ. ಹಿತ್ತಲ ಕಡೆಯ ಒಲೆಮನೆಯಲ್ಲಿ ಮಾವ ಕೊಪ್ಪರಿಗೆಯಿಂದ ಹಣ್ಣನ್ನು ಜಾಲರಿಗೆ ಎತ್ತುತ್ತಿರುವುದು ಕೇಳುತ್ತಿತ್ತು. ಅಂಟುಪಾಕ ತೊಟ್ಟಿಕ್ಕುವ ಸದ್ದು, ಬಹಳ ನಿಧಾನದ್ದು.

ನಮ್ಮ ಊರಿನಲ್ಲಿ ಆಯಾ ವರ್ಷ ಸತ್ತವರು ತಿಳಿಹಬ್ಬದವರೆಗೆ ಮನೆಯಲ್ಲೇ ಇರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಯಾರನ್ನೂ ಕಾಡುವುದಿಲ್ಲ, ಊಟ ಕೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಪಕ್ಕದ ಕೋಣೆಯಿಂದ ‘ಹ್ಞೂಂ’ ಎನ್ನುತ್ತಾರೆ, ಅಷ್ಟೇ. ಏನೋ ಕೆಲಸದಲ್ಲಿ ಮುಳುಗಿದವರು ತಲೆ ಎತ್ತದೆ ಅನ್ನುವ ಹಾಗೆ. ಹೋಗಿ ನೋಡಿದರೆ ಕೋಣೆ ಖಾಲಿ. ಏನಾದರೂ ಕೇಳಿದರೆ ಹೌದಾದದ್ದಕ್ಕೆ ಹ್ಞೂಂ, ಅಲ್ಲವಾದದ್ದಕ್ಕೆ ಮೌನ. ಅದೂ ಎಲ್ಲರಿಗಲ್ಲ. ಮನೆಯೊಳಗೆ ಮೊದಲು ಯಾರು ಆ ಹೆಸರನ್ನು ಬಾಯಿಬಿಟ್ಟು ಹೇಳಿದರೋ ಅವರಿಗೊಬ್ಬರಿಗೇ. ಉಳಿದವರ ಕಿವಿಗೆ ಏನೂ ಬೀಳದು. ಹಾಗಾಗಿ ಸಾವಿನ ಮನೆಗೆ ಹೋದವರು ನಮ್ಮಲ್ಲಿ ಬಹಳ ಎಚ್ಚರದಿಂದ ಮಾತಾಡುತ್ತಾರೆ. ‘ನಿಮ್ಮ ಹುಡುಗ’ ಎನ್ನುತ್ತಾರೆ, ‘ದೊಡ್ಡವರು’ ಎನ್ನುತ್ತಾರೆ, ಹೆಸರು ಎತ್ತುವುದಿಲ್ಲ. ಮನೆಯವರಲ್ಲಿ ಯಾರು ಕರೆದರು ಎಂದು ವಿಚಾರಿಸುವುದೂ ಇಲ್ಲ. ಅದನ್ನು ಕೇಳುವುದೆಂದರೆ ಗಂಡಹೆಂಡಿರ ಕೋಣೆಯ ಬಾಗಿಲಿಗೆ ಕಿವಿ ಇಟ್ಟ ಹಾಗೆ.

ಪಕ್ಕದ ಮನೆಯ ರುದ್ರಾಣಮ್ಮನಿಗೆ ಈ ವಿಷಯದಲ್ಲಿ ಆದ ಅಚಾತುರ್ಯ ಊರಿಗೆಲ್ಲ ಗೊತ್ತು. ನನ್ನ ಗಂಡ ಹೋದ ವರ್ಷವೇ ಅವಳ ಅತ್ತೆಯೂ ಹೋಗಿದ್ದು. ಉಗ್ರಾಣದ ಬೀಗದ ಕೈ ಸಿಗದೆ ಮನೆಯೆಲ್ಲ ಹುಡುಕಾಡಿ, ಸಿಟ್ಟು ನೆತ್ತಿಗೇರಿ, ‘ಈ ಸಾವಂತ್ರಮ್ಮ ಎಲ್ಲಿ ಬಚ್ಚಿಟ್ಟು ಹೋದಳೋ’ ಎಂದುಬಿಟ್ಟಳು. ಉಗ್ರಾಣದೊಳಗಿಂದ ‘ಹ್ಞೂಂ’ ಎಂದಿತು. ಅಮ್ಮನನ್ನು ಕರೆಯಲು ಒಳ್ಳೆಯ ದಿನ ನೋಡುತ್ತ ಕೂತಿದ್ದ ಅವಳ ಗಂಡ ಈರಣ್ಣ ಹೆಂಡತಿಯೊಡನೆ ಮಾತು ಬಿಟ್ಟ. ಏನಾದರೂ ಬೇಕಾದರೆ ಗೋಡೆಯ ಕಡೆ ಮುಖ ಮಾಡಿ ಕೇಳುತ್ತಿದ್ದ. “ಬದುಕಿದ್ದಾಗ ನನ್ನ ಒಂದು ಮಾತಿಗೂ ಹೂಂ ಅಂದೋಳಲ್ಲ ಕಣೇ ಅಲಮೇಲು,” ಎಂದು ರುದ್ರಾಣಮ್ಮ ನಮ್ಮ ಹಿತ್ತಲ ಗೋಡೆಯ ಮೇಲೆ ಮೊಣಕೈ ಊರಿ ನನಗೆ ಹೇಳುತ್ತಿದ್ದಳು. “ಈಗ ನೋಡು, ಸಾರು ಚೆನ್ನಾಗಿದೆಯಾ ಅಂದ್ರೂ ಹ್ಞೂಂ, ನಾನು ಒಳ್ಳೆ ಸೊಸೆ ಅಲ್ವಾ ಅಂದ್ರೂ ಹ್ಞೂಂ. ಮನಸ್ಸಲ್ಲಿ ಇಷ್ಟು ಇಟ್ಕೊಂಡು ಮುಖ ಹಂಗೆ ಯಾಕೆ ಸಿಂಡರಿಸ್ತಿದ್ಲೋ ಮಾರಾಯ್ತಿ. ಮೊದಲೇ ಗೊತ್ತಿದ್ರೆ ಜಗಳಾನೇ ಆಡ್ತಿರ್ಲಿಲ್ಲ.”

ನಾನು ಹೊರಗಿನವಳು. ಸತ್ತವರು ಸತ್ತೇ ಹೋಗುವ ಊರಿನಲ್ಲಿ ಹುಟ್ಟಿ, ಮದುವೆಯಾಗಿ ಈ ಊರಿಗೆ ಬಂದವಳು. ಬಂದದ್ದು ಪಾಕದ ಮನೆಗೆ. ತಿಳಿಹಬ್ಬಕ್ಕೆ ಊರಿನ ಎಲ್ಲ ಮನೆಗಳಲ್ಲೂ ಹಾಲುಬಾಯಿ ಮಾಡುತ್ತಾರೆ. ಅಕ್ಕಿ ಕಾಯಿ ರುಬ್ಬಿ, ಬೆಲ್ಲ ಹಾಕಿ ಒಲೆಯ ಮೇಲೆ ಗೊಟಾಯಿಸಿ, ದೊಡ್ಡ ಹರಿವಾಣಕ್ಕೆ ಸುರಿದು ಆರಲು ಬಿಡುತ್ತಾರೆ. ಅದರ ಮೇಲೆ ಇಡುವ ಹಣ್ಣು ಮಾತ್ರ ನಮ್ಮ ಮನೆಯದು. ಪಪ್ಪಾಯಿ ಕಾಯಿಯ ಚೂರು, ಬೂದುಗುಂಬಳದ ತುಂಡು, ಹೇರಳೆಕಾಯಿಯ ಸಿಪ್ಪೆ, ಬೀಟ್‌ರೂಟಿನ ರಸದಲ್ಲಿ ಕೆಂಪೇರಿಸಿದ ಕವಳಿಕಾಯಿ, ಎಲ್ಲದರ ನಡುವೆ ಒಂದು ಧಾರೆಹುಳಿಯ ಬಿಲ್ಲೆ. ಧಾರೆಹುಳಿಯನ್ನು ಅಡ್ಡ ಕೊಯ್ದರೆ ನಕ್ಷತ್ರವಾಗುತ್ತದಲ್ಲ, ಅದು. ಸುಣ್ಣದ ತಿಳಿನೀರಿನಲ್ಲಿ ನೆನೆಸಿ, ಬೇಯಿಸಿ, ನೀರಿನಷ್ಟೇ ತೆಳುವಾದ ಪಾಕದಲ್ಲಿ ಬಿಡಬೇಕು. ಬೆಳಿಗ್ಗೆ ಹಣ್ಣನ್ನು ಎತ್ತಿ, ಪಾಕವನ್ನು ಸ್ವಲ್ಪವೇ ಕಾಯಿಸಿ ಗಟ್ಟಿ ಮಾಡಿ, ಮತ್ತೆ ಹಣ್ಣನ್ನು ಇಳಿಸಬೇಕು. ಮರುದಿನ ಇನ್ನೂ ಸ್ವಲ್ಪ. ಹಣ್ಣು ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತ, ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅವಸರ ಮಾಡಿ ಒಮ್ಮೆಲೇ ಗಟ್ಟಿಪಾಕಕ್ಕೆ ಹಾಕಿದರೆ ಮುಖ ಮುರಿದುಕೊಂಡವರ ಹಾಗೆ ಮುದುಡಿ, ಸುಕ್ಕಾಗಿ, ಕಪ್ಪಿಟ್ಟು ಕೂರುತ್ತದೆ. ಸರಿಯಾಗಿ ಬಂದರೆ ಒಂದು ಬೆಳಿಗ್ಗೆ ಬಿಲ್ಲೆ ಗಾಜಿನಂತೆ ತಿಳಿಯಾಗಿರುತ್ತದೆ. ಅದನ್ನು ಬೆಳಕಿಗೆ ಹಿಡಿದಾಗ ಎದುರಿಗೆ ನಿಂತವರ ಕಣ್ಣು ಕಂಡರೆ, ಮರುದಿನ ಹಬ್ಬ. ಪಂಚಾಂಗದಲ್ಲಿ ಹುಡುಕಿದರೆ ತಿಳಿಹಬ್ಬ ಸಿಗುವುದಿಲ್ಲ. ಅದು ನಮ್ಮ ಒಲೆಮನೆಯಲ್ಲಿ ಮಾತ್ರ ಸಿಗುತ್ತದೆ.

ನಕ್ಷತ್ರ ಕೊಯ್ಯುವ ಕೆಲಸ ನನ್ನ ಗಂಡನದು. ಎಷ್ಟು ತೆಳುವಾಗಿ ಕೊಯ್ಯುತ್ತಿದ್ದರೆಂದರೆ ಬಿಲ್ಲೆಗಳು ಹಲಗೆಗೆ ಅಂಟಿಕೊಂಡು ಕೂರುತ್ತಿದ್ದವು. ಕೊಯ್ಯುತ್ತ ಮಾತಾಡುತ್ತಿದ್ದರು, ಮಾತಾಡುತ್ತ ನಗುತ್ತಿದ್ದರು. ಮಾವ ಚೆಲುವಯ್ಯನವರು ಅದಕ್ಕೆ ತದ್ವಿರುದ್ಧ. ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುತ್ತಾರೆ, ನೀರು ಬೇಕಾದರೆ ಲೋಟವನ್ನು ಒಂದಿಷ್ಟು ಸರಿಸುತ್ತಾರೆ. ಮದುವೆಯಾದ ಹೊಸದರಲ್ಲಿ, ಇವರಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದು ನಾನು ಅತ್ತದ್ದೂ ಉಂಟು. “ಅಯ್ಯೋ ಸಿಟ್ಟಲ್ಲ ಕಣೇ,” ಎಂದು ನನ್ನ ಗಂಡ ನಕ್ಕಿದ್ದರು. “ನಮ್ಮಪ್ಪ ತಮ್ಮ ಮಾತೆಲ್ಲ ತಗೊಂಡು ಹೋಗಿ ಕೊಪ್ಪರಿಗೆಗೆ ಹಾಕಿಬಿಟ್ಟಿದಾರೆ. ಅದಕ್ಕೇ ನಮ್ಮ ಹಣ್ಣು ಅಷ್ಟು ಸಿಹಿ.” ಮಾವ ಅದನ್ನು ಕೇಳಿಸಿಕೊಂಡು ಮಗನ ಕಡೆ ಒಂದು ಹೇರಳೆ ಸಿಪ್ಪೆ ಎಸೆದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗ.

ಆ ವರ್ಷ ಧಾರೆಹುಳಿ ಮರದಲ್ಲಿ ಹಣ್ಣಾಗುತ್ತಿರುವಾಗಲೇ ನನ್ನ ಗಂಡನಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಕಾಯಿಲೆಯಲ್ಲಿ ದೀರ್ಘವಾಗಿ ಮಲಗಿದವರು ತಮ್ಮನ್ನು ಯಾರು ಕರೆಯಬೇಕೆಂದು ತಾವೇ ಹೇಳಿ ಹೋಗುವುದು ಈ ಊರಿನ ಪದ್ಧತಿ. ಅವರಿಗೆ ಅಷ್ಟು ಹೊತ್ತೂ ಸಿಗಲಿಲ್ಲ. ನನ್ನ ಅಣ್ಣ ಬಂದು, ನನ್ನ ಸ್ಥಿತಿ ನೋಡಿ, ಕೆಲವು ದಿನ ತವರಿಗೆ ಕರೆದುಕೊಂಡು ಹೋದ. ಅಲ್ಲೇ ಇದ್ದುಬಿಡು ಎಂದು ತವರಿನವರು ಅಂದರು. ಆದರೆ ಅಲ್ಲಿ ಪಕ್ಕದ ಕೋಣೆಗಳು ಬರೀ ಕೋಣೆಗಳು. ನಾನು ಹಿಂತಿರುಗಿದೆ. ಬಂದು ನೋಡಿದರೆ ಮಾವ ಒಬ್ಬರೇ ಹಣ್ಣು ಕಿತ್ತು, ತೊಳೆದು, ನೆನೆಹಾಕಿ, ಮೊದಲ ಪಾಕಕ್ಕೆ ಇಳಿಸಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ತಟ್ಟೆ ಇಡಲು ಎದ್ದರು. ಅಷ್ಟು ದಿನ ಆ ಮನೆಯಲ್ಲಿ ಒಬ್ಬರೇ. ಕರೆಯದೆ ಇರುತ್ತಾರೆಯೇ? ಯಾವ ತಂದೆ ಇರುತ್ತಾನೆ? ನನ್ನ ಅನುಮಾನ ಹುಟ್ಟಿದ್ದು ಆ ಬಾಗಿಲಲ್ಲೇ.

ಮೊದಲ ಕರೆ ಆಗಿಹೋದ ಮನೆಗಳಲ್ಲಿ ಹೆಸರಿಗೆ ಬಿಡುಗಡೆ ಸಿಗುತ್ತದೆ. ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಮಾವ ಹೇಳುತ್ತಿರಲಿಲ್ಲ. “ಅವನ ಚಾಕು ತಗೋ,” ಎನ್ನುತ್ತಿದ್ದರು. “ಅವನ ಮಣೆ ಎಲ್ಲಿ?” ಇದರಿಂದ ನಾನು ಏನನ್ನಾದರೂ ತಿಳಿದುಕೊಳ್ಳಬಹುದಿತ್ತು. ಆದರೆ ಮಗ ಬದುಕಿದ್ದಾಗಲೂ ಆ ಹೆಸರು ಅವರ ಬಾಯಲ್ಲಿ ಬರುತ್ತಿದ್ದದ್ದು ಅಪರೂಪ. ‘ಲೋ’ ಎಂದರೆ ಮುಗಿಯಿತು. ಮಾತಿಲ್ಲದ ಮನುಷ್ಯನ ಮೌನದಲ್ಲಿ ಹೊಸ ಮೌನ ಯಾವುದು, ಹಳೆಯದು ಯಾವುದು ಎಂದು ಹೇಗೆ ಗೊತ್ತಾಗಬೇಕು? ಇನ್ನು ನಾನಂತೂ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳೇ ಅಲ್ಲ. ‘ರೀ’ ಎಂದರೆ ತಿರುಗುತ್ತಿದ್ದರು. ಬಳೆ ಸದ್ದಾದರೂ ತಿರುಗುತ್ತಿದ್ದರು.

“ಕರೆದ್ಯೇನೇ?” ಎಂದು ಒಂದು ದಿನ ರುದ್ರಾಣಮ್ಮ ಕೇಳಿಯೇಬಿಟ್ಟಳು. ಕೇಳಬಾರದ್ದನ್ನು ಕೇಳಿದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಕೇಳಿದ್ದಾಯಿತಲ್ಲ ಎಂದು ಮುಂದುವರಿಸಿದಳು. “ಕರೆದಿಲ್ಲ ಬಿಡು. ಕರೆದೋರ ಮುಖಾನೇ ಬೇರೆ ಇರುತ್ತೆ. ಹೆಸರು ಹಿಡಿದು ಕೂಗಬೇಕಮ್ಮ, ರೀ ಗೀ ಎಲ್ಲ ನಡೆಯೋದಿಲ್ಲ. ರೀ ಅಂದ್ರೆ ಊರಲ್ಲಿ ಸತ್ತಿರೋ ಗಂಡಸರೆಲ್ಲ ಹ್ಞೂಂ ಅಂದುಬಿಟ್ಟಾರು.” ನಾನು ನಕ್ಕೆ. ನನ್ನ ಗಂಡ ಹೋದ ಮೇಲೆ ನಕ್ಕದ್ದು ಅದೇ ಮೊದಲು. ಅವಳು ದನಿ ತಗ್ಗಿಸಿದಳು. “ನಿಮ್ಮ ಮಾವ ಕರೆದಿರ್ತಾರೆ ಅಂತ ಹೆದರಿಕೆಯಾ?” ನಾನು ಗೋಡೆಯ ಪಾಚಿ ಕೆರೆದೆ. “ಹೋಗಿ ಕೇಳು.” “ಹೇಗೆ ಕೇಳಲಿ?” ಎಂದೆ. ಅವಳು ಗೋಡೆಯಿಂದ ಮೊಣಕೈ ತೆಗೆದು ಒಳಗೆ ಹೋದಳು.

ಹಣ್ಣು ತಿಳಿಯಾಗತೊಡಗಿತು. ಬಿಲ್ಲೆಯ ಅಂಚು ಮೊದಲು, ಆಮೇಲೆ ಮೊನೆಗಳು. ಪೇಟೆಯ ಗಂಟೆ ಬಾರಿಸುವ ತಿಪ್ಪಯ್ಯ ಪ್ರತಿದಿನ ಬೆಳಿಗ್ಗೆ ಬಂದು ಒಲೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಅವನ ಗಂಟೆ ಆದರೇ ಹಬ್ಬ. ಮಾವ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ತಿಪ್ಪಯ್ಯ ಆಚೆಯಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. “ಇವತ್ತು ನಿಮ್ಮ ಮೂಗು ಕಾಣ್ತು ಚೆಲುವಯ್ಯನೋರೇ. ಆದ್ರೆ ಅದು ಹಣ್ಣಿಲ್ಲದೇನೂ ಕಾಣುತ್ತೆ,” ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವನು ನಗಲಿಲ್ಲ. “ನಾಳೆ ಕಣ್ಣು ಕಾಣುತ್ತೆ. ಹಗ್ಗಕ್ಕೆ ಎಣ್ಣೆ ಹಚ್ಚಿಡ್ತೀನಿ,” ಎಂದು ಹೋದ. ಅವತ್ತು ನಾನು ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟೆ. ಮಾವ ನನ್ನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಎದ್ದು ಒಲೆಮನೆಗೆ ಹೋದರು.

ಮರುದಿನ ಕೊಪ್ಪರಿಗೆಯ ಮುಚ್ಚಳ ತೆಗೆದಾಗ ಒಳಗೆ ಇದ್ದದ್ದು ಮುದುಡಿ ಕಪ್ಪಾದ ಚೂರುಗಳು. ಪಪ್ಪಾಯಿ ಒಣಶುಂಠಿಯ ಹಾಗೆ, ಕವಳಿಕಾಯಿ ಮೆಣಸಿನ ಹಾಗೆ. ನಕ್ಷತ್ರಗಳು ಮೊನೆಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು, ಮಳೆಗೆ ಸಿಕ್ಕ ಜೇಡದ ಹಾಗೆ ಮುದ್ದೆಯಾಗಿದ್ದವು. ಪಾಕ ಚಮಚದಿಂದ ಬೀಳಲೊಲ್ಲದಷ್ಟು ಗಟ್ಟಿ. ಪಕ್ಕದಲ್ಲಿ ಸಕ್ಕರೆಯ ಚೀಲ ಬರಿದಾಗಿ ಬಿದ್ದಿತ್ತು. ತಿಪ್ಪಯ್ಯ ಕಿಟಕಿಯಿಂದ ಇಣುಕಿದವನು ಅಲ್ಲೇ ಹಣೆಗೆ ಕೈ ಇಟ್ಟುಕೊಂಡ. “ಏನ್ ಸ್ವಾಮಿ ಇದು? ಹಾಲುಬಾಯಿ ಮೇಲೆ ಇಡೋದಕ್ಕೋ, ದೃಷ್ಟಿ ತೆಗೆಯೋದಕ್ಕೋ?” ಮಾವ, “ಕೈ ತಪ್ತು,” ಎಂದರು. “ಮತ್ತೆ ಹಾಕ್ತೀನಿ.”

ಊರಿನಲ್ಲಿ ಗುಲ್ಲೆದ್ದಿತು. ಪಾಕದ ಮನೆಯಲ್ಲಿ ಪಾಕ ಕೆಟ್ಟದ್ದು ಯಾರ ನೆನಪಿನಲ್ಲೂ ಇರಲಿಲ್ಲ. ತೆಂಗಿನಕಾಯಿ ಸುಲಿದಿಟ್ಟವರಿದ್ದರು, ನೆಂಟರನ್ನು ಕರೆಸಿಕೊಂಡವರಿದ್ದರು, ಹಬ್ಬ ಕಳೆಯಲಿ ಎಂದು ಮಗಳ ನಿಶ್ಚಿತಾರ್ಥ ಮುಂದೂಡಿದವರಿದ್ದರು. ಅಂಗಡಿಬೀದಿಯಲ್ಲಿ ಮಾವ ನಡೆದು ಹೋದರೆ ಮಾತು ನಿಲ್ಲುತ್ತಿತ್ತು, ಅವರು ದಾಟಿದ ಮೇಲೆ ಎದ್ದು ಕೂರುತ್ತಿತ್ತು. “ಕೈ ತಪ್ಪೋದಕ್ಕೆ ಅವರೇನು ನಿನ್ನೆ ಮೊನ್ನೆ ಸೌಟು ಹಿಡಿದೋರಾ?” ಎಂದು ಒಬ್ಬರು ನನ್ನೆದುರಿಗೇ ಅಂದರು. “ಮಗನ ದನಿ ಬಿಡೋದಕ್ಕೆ ಮನಸ್ಸಿಲ್ಲ, ಅಷ್ಟೇ. ನಮ್ಮ ಮನೇಲೂ ಸತ್ತಿದಾರಪ್ಪ, ನಾವು ಹಬ್ಬ ನಿಲ್ಲಿಸಿದ್ವಾ?” ಈರಣ್ಣ ಕೂಡ ಬಂದು ಜಗಲಿಯಲ್ಲಿ ಕೂತು, “ನಮ್ಮಮ್ಮ ಸುಸ್ತಾಗಿದಾಳಂತೆ ಚೆಲುವಯ್ಯನೋರೇ. ಹ್ಞೂಂ ಅನ್ನೋದು ಈಗ ಉಸಿರು ಬಿಟ್ಟ ಹಾಗೆ ಕೇಳುತ್ತಂತೆ. ನನಗಂತೂ ಕೇಳಿಸೋದಿಲ್ಲ, ಇವಳು ಹೇಳಿದ್ದು. ಮುದುಕಿಯನ್ನ ಕಳಿಸಿಕೊಡಿ ಸ್ವಾಮಿ,” ಎಂದು ಕೈ ಮುಗಿದ. ಮಾವ ತಲೆ ತಗ್ಗಿಸಿ ಕೂತಿದ್ದರು. ಎದ್ದು ಹೋಗಿ ಮರದ ಕೆಳಗೆ ಉಳಿದಿದ್ದ ಧಾರೆಹುಳಿಗಳನ್ನು ಆರಿಸತೊಡಗಿದರು.

ನಾನೂ ಊರಿನವರು ಅಂದದ್ದನ್ನೇ ನಂಬಿದೆ. ನಂಬಿದಾಗ ಒಂದು ಬಗೆಯ ನಿರಾಳವೂ ಆಯಿತು. ಸರಿ, ಅವರು ಕರೆದಿದ್ದಾರೆ. ಮಗನ ಹ್ಞೂಂ ಅವರಿಗೆ ಕೇಳುತ್ತಿದೆ. ಇನ್ನಷ್ಟು ದಿನ ಕೇಳಲಿ. ನನಗೆ ಸಿಗದಿದ್ದರೂ ಮನೆಯಲ್ಲೇ ಇದೆಯಲ್ಲ. ಪಾಪ, ಊರೆದುರಿಗೆ ಹೆಸರು ಕೆಡಿಸಿಕೊಂಡು ಉಳಿಸಿಕೊಂಡಿದ್ದಾರೆ. ನಾನು ಗಂಡನ ಚಾಕು ತೆಗೆದುಕೊಂಡು ಕೊಯ್ಯಲು ಕೂತೆ. ನನ್ನ ನಕ್ಷತ್ರಗಳು ದಪ್ಪ, ಒಂದು ಮೊನೆ ಉದ್ದ ಒಂದು ಗಿಡ್ಡ. ಮಾವ ಒಂದನ್ನು ಎತ್ತಿ ತಿರುಗಿಸಿ ನೋಡಿ, ಸುಣ್ಣದ ನೀರಿಗೆ ಬಿಟ್ಟರು. ಸುಣ್ಣದ ನೀರು ನನ್ನ ಬೆರಳುಗಳನ್ನು ಕಚ್ಚುತ್ತದೆಂದು ತಿಳಿದು ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು ಇಟ್ಟು ಹೋದರು.

ಎರಡನೆಯ ಸಲದ ಹಣ್ಣು ಪಾಕದಲ್ಲಿದ್ದ ದಿನಗಳಲ್ಲಿ ಅವರು ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಊಟವಾದ ಮೇಲೆ ಕೋಲು ಹಿಡಿದು ಹೊರಗೆ ಹೋಗಿಬಿಡುತ್ತಿದ್ದರು. ಮಂಡಿ ನೋವಿನ ಮನುಷ್ಯ, ಬಾವಿಯ ಕಟ್ಟೆಯವರೆಗೆ ನಡೆದು, ಬಿಸಿಲು ಇಳಿಯುವವರೆಗೂ ಅಲ್ಲಿ ಕೂತಿರುತ್ತಿದ್ದರು. ಅಲ್ಲಿಗೆ ನೀರಿಗೆ ಬಂದವರೆಲ್ಲ ಪಾಕದ ವಿಷಯ ಎತ್ತಿ ಚುಚ್ಚುತ್ತಿದ್ದರೆಂದು ರುದ್ರಾಣಮ್ಮ ಹೇಳಿದಳು. ಆದರೂ ಹೋಗುತ್ತಿದ್ದರು. ಬಂದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನನ್ನ ಮುಖವನ್ನು ಒಂದು ಗಳಿಗೆ ನೋಡುತ್ತಿದ್ದರು. ಪಾಕದ ಹದ ನೋಡುವಾಗ ನೋಡುವ ನೋಟವೇ ಅದು. ನೋಡಿ ಒಳಗೆ ಹೋಗುತ್ತಿದ್ದರು. ನನ್ನ ಸಂಗಡ ಆ ಮನೆಯಲ್ಲಿ ಇರುವುದು ಅವರಿಗೆ ಭಾರವಾಗುತ್ತಿದೆ ಎಂದುಕೊಂಡೆ.

ಹಣ್ಣು ಮತ್ತೆ ತಿಳಿಯಾಯಿತು. ತಿಪ್ಪಯ್ಯ ಕಿಟಕಿಯ ಆಚೆ ನಿಂತ, ಮಾವ ಬಿಲ್ಲೆ ಹಿಡಿದರು. ನಾನು ಕೊಯ್ದ ಒಂದು ಸೊಟ್ಟ ನಕ್ಷತ್ರ. “ಕಣ್ಣು ಕಾಣ್ತಿದೆ,” ಎಂದ ತಿಪ್ಪಯ್ಯ. ಆಮೇಲೆ ಸ್ವಲ್ಪ ಮೆತ್ತಗೆ, “ಒದ್ದೆ ಕಣ್ಣು ಕಾಣ್ತಿದೆ ಚೆಲುವಯ್ಯನೋರೇ. ಇನ್ನು ತಡಮಾಡಬೇಡಿ. ನಾಳೆ ಬೆಳಿಗ್ಗೆ ಬಾರಿಸ್ತೀನಿ,” ಎಂದ. ಮಾವ ತಲೆಯಾಡಿಸಿದರು. ಊಟಕ್ಕೆ ಕೂತಾಗ ಅರ್ಧಕ್ಕೇ ಕೈ ತೊಳೆದರು. ಕೋಲು ತೆಗೆದುಕೊಂಡು ಬಾಗಿಲವರೆಗೆ ಹೋಗಿ, ಹಿಂತಿರುಗಿ ನಿಂತು, “ನಾನು ಕಟ್ಟೆ ಹತ್ರ ಇರ್ತೀನಿ. ಬೇಗ ಬರೋದಿಲ್ಲ,” ಎಂದರು. ಅವರ ಮಟ್ಟಿಗೆ ಅದು ಭಾಷಣ. “ಬೇಗ ಬರೋದಿಲ್ಲ,” ಎಂದು ಮತ್ತೊಮ್ಮೆ ಹೇಳಿ ಬಾಗಿಲು ಎಳೆದುಕೊಂಡು ಹೋದರು.

ಮನೆ ನಿಶ್ಶಬ್ದವಾಯಿತು. ನಾಳೆಗೆ ನನ್ನ ಗಂಡ ಹೊರಟುಹೋಗುತ್ತಾರೆ ಎಂಬುದು ಆಗ ನನಗೆ ನಿಜವಾಗಿ ಅರ್ಥವಾಯಿತು. ಉತ್ತರ ಬಾರದಿದ್ದರೆ ಬೇಡ, ಬೀಳ್ಕೊಡದೆ ಕಳಿಸಬಾರದಲ್ಲ ಎನಿಸಿತು. ಬಸ್ಸಿನ ಕಿಟಕಿಯಲ್ಲಿ ಮುಖ ಕಾಣದಿದ್ದರೂ ಕೈ ಬೀಸುತ್ತೇವಲ್ಲ, ಹಾಗೆ. ಅಡುಗೆಮನೆಯ ಹೊಸ್ತಿಲ ಮೇಲೆ ನಿಂತೆ. ನಾಚಿಕೆಯಾಯಿತು, ಅಂಥ ಹೊತ್ತಿನಲ್ಲಿ ನಾಚಿಕೆ. ಕಣ್ಣು ಮುಚ್ಚಿಕೊಂಡು, “ಮುಕುಂದಾ,” ಎಂದೆ. ನನ್ನ ದನಿಯಲ್ಲಿ ಆ ಹೆಸರು ಹೇಗಿರುತ್ತದೆಂದು ನನಗೇ ಗೊತ್ತಿರಲಿಲ್ಲ.

“ಹ್ಞೂಂ,” ಎಂದಿತು ನಡುಕೋಣೆ.

ಧಾರೆಹುಳಿ ಕೊಯ್ಯುತ್ತ ತಲೆ ಎತ್ತದೆ ಅನ್ನುತ್ತಿದ್ದ ಅದೇ ಹ್ಞೂಂ. ಕೊನೆಯಲ್ಲಿ ಸ್ವಲ್ಪ ನಗು ಇರುವಂಥದ್ದು. ನಾನು ಅಲ್ಲೇ ಕೂತೆ. ಎಷ್ಟು ಹೊತ್ತು ಕೂತೆನೋ, ಏನೇನು ಕೇಳಿದೆನೋ, ಅವೆಲ್ಲ ನನ್ನವು, ಇಲ್ಲಿ ಬೇಡ. ಒಂದು ಗಳಿಗೆಯಲ್ಲಿ ಮಾತ್ರ ಥಟ್ಟನೆ ಎದ್ದು ನಿಂತೆ. ನನಗೆ ಓಗೊಟ್ಟರು ಎಂದರೆ ಮಾವ ಕರೆದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದ ಆ ದಿನಗಳಲ್ಲೂ ಇಲ್ಲ. ಊರು ಆಡಿಕೊಂಡಾಗಲೂ ಇಲ್ಲ. ಬಾಯಿ ತೆರೆದರೆ ಸಿಗುತ್ತಿದ್ದ ಮಗನನ್ನು ಬಾಯಿ ಮುಚ್ಚಿಕೊಂಡು ಇಟ್ಟಿದ್ದಾರೆ.

ಚಪ್ಪಲಿ ಮೆಟ್ಟದೆ ಬಾವಿಯವರೆಗೆ ಓಡಿದೆ. ಮಾವ ಕಟ್ಟೆಯ ಮೇಲೆ ಕೋಲಿಗೆ ಗದ್ದ ಆನಿಸಿ ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತರು. “ನೀವು ಕರೀಲೇ ಇಲ್ವಲ್ಲ ಮಾವ,” ಎಂದೆ. “ಅಂದನಾ?” ಎಂದು ಕೇಳಿದರು. “ಅಂದರು.” “ಅವನ ಹಾಗೇನೇ?” “ಹಾಗೇನೇ. ಕೊನೇಲಿ ನಗು ಇಟ್ಟು.” ಮಾವ ಬಾವಿಯ ಕಡೆ ತಿರುಗಿ ನಿಂತರು. ರಾಟೆಯ ಹಗ್ಗವನ್ನು ಹಿಡಿದುಕೊಂಡರು, ನೀರು ಸೇದುವವರ ಹಾಗೆ. ಕೊಡ ಇರಲಿಲ್ಲ.

“ಬನ್ನಿ ಮಾವ, ಇನ್ನೂ ಹೊತ್ತಿದೆ,” ಎಂದು ಕೈ ಹಿಡಿದು ಕರೆತಂದೆ. ಅಡುಗೆಮನೆಯ ಹೊಸ್ತಿಲ ಈಚೆ ನಾನು, ನನ್ನ ಪಕ್ಕ ಅವರು. ಕೂತರು, ಗಂಟಲು ಸರಿಮಾಡಿಕೊಂಡರು. ಏನು ಕೇಳಲಿ ಎಂದು ನಾನು ಮುಖ ನೋಡಿದೆ. ಕೊನೆಗೆ, “ಮುಕುಂದನ್ನ ಕೇಳು,” ಎಂದರು. ಹೆಸರನ್ನು ಬಹಳ ದಿನದ ಮೇಲೆ ಬಾಯಿಗೆ ಹಾಕಿಕೊಂಡವರ ಹಾಗೆ ಸ್ವಲ್ಪ ತಡೆದರು. “ಈ ಸಲದ ಪಾಕ ಸರಿ ಇದೆಯಾ ಅಂತ ಕೇಳು.” ಕೇಳಿದೆ. ಏನೂ ಬರಲಿಲ್ಲ. “ಸುಮ್ಮನಿದಾರೆ ಮಾವ,” ಎಂದೆ ಭಯದಿಂದ. ಮಾವನ ಮುಖ ಅರಳಿತು. “ಅವನೇ ಕಣಮ್ಮ, ಅವನೇ! ನನ್ನ ಪಾಕ ಸರಿ ಇದೆ ಅಂತ ಯಾವತ್ತು ಒಪ್ಪಿದಾನೆ? ಒಂದೆಳೆ ಕಮ್ಮಿ ಅಂತಾನೇ ಇದ್ದ. ಒಂದೆಳೆ ಕಮ್ಮಿಯಾ ಕೇಳು.” ಕೇಳಿದೆ. “ಹ್ಞೂಂ ಅಂದರು.” ಇಬ್ಬರೂ ನಕ್ಕೆವು, ನಗುತ್ತ ಮಾವ ಕೆಮ್ಮಿದರು, ಕೆಮ್ಮುತ್ತ ಕಣ್ಣೊರೆಸಿಕೊಂಡರು. ಆಮೇಲೆ ಒಂದೊಂದಾಗಿ ಕೇಳಿಸಿದರು. ಧಾರೆಹುಳಿ ಮರದ ಒಣಗಿದ ಕೊಂಬೆ ಕಡಿಸಲೇ? ಹ್ಞೂಂ. ಸೊಸೆ ಕೊಯ್ದ ನಕ್ಷತ್ರ ಸೊಟ್ಟವೇ? ಹ್ಞೂಂ. “ಸೊಟ್ಟ ಆದ್ರೂ ಪರವಾಗಿಲ್ವಾ ಕೇಳು,” ಎಂದು ನನ್ನ ಪರವಾಗಿ ತಾವೇ ಸೇರಿಸಿದರು. ಅದಕ್ಕೂ ಹ್ಞೂಂ.

ಬಿಸಿಲು ಗೋಡೆಯ ಮೇಲಕ್ಕೆ ಹೋಯಿತು. ಮಾವ ನೆಲ ನೋಡುತ್ತ, “ಕೊನೇಲಿ ಬಹಳ ನೋವಾಯ್ತಾ ಅಂತ ಕೇಳಮ್ಮ,” ಎಂದರು. ನಾನು ಕೋಣೆಯ ಕಡೆ ತಿರುಗಿ, “ಈಗ ನೋವಿಲ್ಲ ತಾನೇ?” ಎಂದು ಕೇಳಿದೆ. “ಹ್ಞೂಂ,” ಎಂದರು, ಬಹಳ ಮೆತ್ತಗೆ. ಅದನ್ನೇ ಮಾವನಿಗೆ ಹೇಳಿದೆ. ನಾನು ಪ್ರಶ್ನೆ ಬದಲಿಸಿದ್ದು ಅವರಿಗೂ ಕೇಳಿಸಿತ್ತು. ನನ್ನ ತಲೆಯ ಮೇಲೆ ಕೈ ಇಟ್ಟರು. ಪಾಕದ ಕೈ, ಕೂದಲಿಗೆ ಒಂದಿಷ್ಟು ಅಂಟಿಕೊಂಡಿತು.

ಬೆಳಿಗ್ಗೆ ಗಂಟೆ ಆಯಿತು. ಊರಿನವರೆಲ್ಲ ತಟ್ಟೆ ಹಿಡಿದು ಹಣ್ಣಿಗೆ ಬಂದರು, ಬೈಯುತ್ತ ಬಂದವರೂ ನಕ್ಷತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಅಷ್ಟು ತಿಳಿಯಾದ ಹಣ್ಣು ಹಿಂದೆ ಬಂದಿರಲಿಲ್ಲವೆಂದು ಇಂದಿಗೂ ಹೇಳುತ್ತಾರೆ. ರುದ್ರಾಣಮ್ಮ ನನ್ನ ಮುಖ ನೋಡಿದವಳೇ, ಏನೂ ಕೇಳದೆ, ನನ್ನ ಕೆನ್ನೆ ಹಿಂಡಿ ಹೋದಳು. ಅವಳ ಹಿಂದೆ ಬಂದ ಈರಣ್ಣ ಗೋಡೆಯ ಕಡೆ ನೋಡದೆ ಅವಳ ಕಡೆಯೇ ನೋಡಿ, “ಬಾರೇ, ಅಮ್ಮನಿಗೆ ಹೊತ್ತಾಯ್ತು,” ಎಂದ. ಹಾಲುಬಾಯಿ ಕೊಯ್ಯುವಾಗ ಮಾವ ಚಾಕು ನನ್ನ ಕೈಗೆ ಕೊಟ್ಟರು. ನಾನು ಮೊದಲ ತುಂಡು ಕೊಯ್ದೆ, ನಡುಕೋಣೆಯ ಕಡೆ ತಿರುಗಿ ಇನ್ನೊಮ್ಮೆ ಹೆಸರು ಹೇಳಿದೆ. ಕೋಣೆ ಬರೀ ಕೋಣೆಯಾಗಿತ್ತು. ಆದರೆ ನನ್ನ ತವರಿನ ಕೋಣೆಗಳ ಹಾಗಿರಲಿಲ್ಲ, ಯಾರೋ ಈಗತಾನೆ ಎದ್ದುಹೋದ ಕೋಣೆಯ ಹಾಗಿತ್ತು.

ಆಮೇಲೆ ಎಷ್ಟೋ ಹಬ್ಬಗಳನ್ನು ನಾವಿಬ್ಬರೂ ಮಾಡಿದೆವು. ನನ್ನ ನಕ್ಷತ್ರಗಳು ನೆಟ್ಟಗಾದವು. ಆ ವರ್ಷ ಕೈ ತಪ್ಪಿದ್ದು ಹೇಗೆ ಎಂದು ನಾನು ಕೇಳಿದಾಗಲೆಲ್ಲ ಮಾವ ಒಲೆಯ ಉರಿ ಸರಿಮಾಡಲು ಬಗ್ಗುತ್ತಿದ್ದರು. ಆ ವರ್ಷ ಅವರು ಏನೂ ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದು ನಿಧಾನವಾಗಿ ತಿಳಿಯಿತು. ‘ನಾನು ಕರೆದಿಲ್ಲ, ನೀನು ಕರೆ’ ಎಂದು ಅಂದೇ ಬಾಯಿಬಿಟ್ಟು ಹೇಳಿದ್ದರೆ ನಾನು ‘ಇಲ್ಲ, ನೀವೇ’ ಎನ್ನುತ್ತಿದ್ದೆ. ಇಬ್ಬರೂ ಹೊಸ್ತಿಲಲ್ಲಿ ನಿಂತು ಒಬ್ಬರಿಗೊಬ್ಬರು ದಾರಿ ಬಿಡುತ್ತಲೇ ಹಬ್ಬ ಬಂದುಬಿಡುತ್ತಿತ್ತು.

ಈ ವರ್ಷ ಧಾರೆಹುಳಿ ಹೂಬಿಡುವ ಹೊತ್ತಿಗೆ ಮಾವ ಹೋದರು. ಅವರನ್ನು ಕರೆಯಲು ಈಗ ನಾನೊಬ್ಬಳೇ, ಯಾರದನ್ನೂ ಕಸಿದುಕೊಳ್ಳುವ ಭಯವಿಲ್ಲ. “ಚೆಲುವಯ್ಯನವರೇ,” ಎಂದೆ. ಒಲೆಮನೆಯಿಂದ ‘ಹ್ಞೂಂ’ ಎಂದರು. ಬದುಕಿದ್ದಾಗ ಆಡುತ್ತಿದ್ದದ್ದಕ್ಕಿಂತ ಈಗ ಅವರದು ಹೆಚ್ಚು ಮಾತು ಎಂದು ರುದ್ರಾಣಮ್ಮ ತಮಾಷೆ ಮಾಡುತ್ತಾಳೆ. ಪಾಕದ ಹದ ಕೇಳುತ್ತೇನೆ, ಉರಿ ಕೇಳುತ್ತೇನೆ, ಹೇಳುತ್ತಾರೆ. ಹಣ್ಣು ಈಗ ಅಂಚಿನಲ್ಲಿ ತಿಳಿಯಾಗುತ್ತಿದೆ. ನಾನು ಕೆಡಿಸುವುದಿಲ್ಲ, ಸಮಯಕ್ಕೆ ಸರಿಯಾಗಿ ಕಳಿಸಿಕೊಡುತ್ತೇನೆ. ಅಲ್ಲಿ ಅವರಿಗಾಗಿ ಕಾಯುತ್ತಿರುವವರು ಬಹಳ ಮಾತಿನವರು. ನಿನ್ನೆ ಜಾಲರಿಗೆ ಹಣ್ಣು ಎತ್ತುತ್ತ, ಕೈ ಬಿಡುವಿಲ್ಲದವಳ ಹಾಗೆ ನಟಿಸುತ್ತ, ಅಷ್ಟು ವರ್ಷ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ನಿಮ್ಮ ಮಗನನ್ನು ನನಗೆ ಕೊಟ್ಟದ್ದಕ್ಕೆ ನಾನು ಋಣಿ, ಅದು ಗೊತ್ತಾ ಮಾವ ಎಂದೆ. ಹ್ಞೂಂ ಎಂದರು. ಆ ವರ್ಷ ಪಾಕ ಕೆಡಿಸಿದ್ದು ನನಗೋಸ್ಕರವೇ ಅಲ್ಲವಾ ಎಂದೆ. ಒಲೆಯಲ್ಲಿ ಸೌದೆ ಚಟಪಟ ಎಂದಿತು. ನಾನು ಜಾಲರಿ ಹಿಡಿದು ಬಹಳ ಹೊತ್ತು ಕಾದೆ. ಊರಿನ ಲೆಕ್ಕದಲ್ಲಿ ಮೌನವೆಂದರೆ ಅಲ್ಲ ಎಂದೇ ಅರ್ಥ. ನನ್ನ ಮಾವನ ಮೌನವನ್ನು ನಾನು ಅವರು ಬದುಕಿದ್ದಾಗಲೇ ಓದಲು ಕಲಿತಿದ್ದೇನೆ. ನನಗಾಗಿ ಪಾಕ ಕೆಡಿಸಿದೆ ಎಂದು ಅವರು ಇದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ.